ಎರಡನೇ ಪಿಟೀಲು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಬೆಳ್ಳುಳ್ಳಿ ಮಂಡಿಯ ಮಗ್ಗುಲಲ್ಲಿ
ಎಂಟಡಿ ಅಗಲದ ನನ್ನ ಅಂಗಡಿ.
ತಿದಿ ಹರಿದ ಹಾರ್ಮೋನಿಯಂ, ಕರಣೆ ಎದ್ದ ತಬಲ,
ಒಮ್ಮೊಮ್ಮೆ ಮಿಕ್ಸಿ ಕೂಡ.
ಪಿಟೀಲು ಬರುವುದು ವರ್ಷಕ್ಕೆ ಒಂದೋ ಎರಡೋ.

ಆಯಮ್ಮ ಬಂದದ್ದು ಮಂಗಳವಾರ, ಕರೆಂಟಿಲ್ಲದ ಹೊತ್ತು.
ಜೊತೆಗೆ ಹಳೇಬೀಡಿನ ಗೈಡ್ ಕಾಳಿಂಗಯ್ಯ.
ಜಪಾನಿ ಭಾಷೆಯಲ್ಲಿ ನೂರಿಪ್ಪತ್ತು ಮಾತು ಬಲ್ಲ,
ಅದರಲ್ಲಿ ಎಂಬತ್ತು ಕಲ್ಲಿನ ಬಗ್ಗೆ.

ಹೆಸರು ಮಿಸಾವೊ. ಅರವತ್ತು ದಾಟಿದ ಬೆರಳು.
ಎಡದವಡೆಯ ಕೆಳಗೊಂದು ಕಂದು ಕಲೆ,
ನಮ್ಮಲ್ಲಿ ಐದು ಹೊತ್ತಿನವರ ಹಣೆಗೆ ಬೀಳುತ್ತದಲ್ಲ, ಹಾಗೆ.

ಬೇಲೂರಿನ ಬಸ್ಸು ಹಗರೆಯ ಹತ್ತಿರ ಕುಣಿಗೆ ಇಳಿದಾಗ
ಪೆಟ್ಟಿಗೆಯೊಳಗೆ ಏನೋ ಬಿತ್ತಂತೆ.
ಅಲ್ಲಾಡಿಸಿದೆ. ಒಣ ಹುಣಿಸೆಕಾಯೊಳಗೆ ಬೀಜದ ಸದ್ದು.
ಒಳಗಡ್ಡಿ.
ಕಿರುಬೆರಳಿನಷ್ಟೂ ಇಲ್ಲ,
ಅಂಟಿಲ್ಲ, ಮೊಳೆಯಿಲ್ಲ,
ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ
ಬರೀ ಒತ್ತಡದ ಮೇಲೆ ನಿಂತಿರುವಂಥದ್ದು.
ಅವರ ಕಡೆ ಅದಕ್ಕೆ ಆತ್ಮದ ಕಂಬ ಅನ್ನುತ್ತಾರಂತೆ.
“ಕಂಬ ನೋಡಕ್ಕೆ ಬಂದೋರ ಕಂಬವೇ ಬಿತ್ತು ನೋಡಿ, ದಸ್ತಗೀರ್ ಸಾಬ್ರೆ,”
ಕಾಳಿಂಗಯ್ಯ ಒಬ್ಬನೇ ನಕ್ಕ.

ಸೈಕಲ್ ಕಡ್ಡಿ ಬಗ್ಗಿಸಿ, ಹಾವು ಮಲಗಿದ ಹಾಗಿರುವ ತೂತಿನಲ್ಲಿ ಇಳಿಸಿ
ಎರಡು ತಾಸು ಕುರುಡನ ಹಾಗೆ ತಡಕಿದೆ.
ಆಯಮ್ಮ ಹೇಳುತ್ತಾ ಹೋದರು, ಅವನು ಹರಿದು ಹರಿದು ಕೊಟ್ಟ:
ಬಂದರಿನ ಊರು. ಅಪ್ಪ ಐಸ್ ಕಾರ್ಖಾನೆಯಲ್ಲಿ.
ಆರನೇ ವಯಸ್ಸಿಗೆ ಅರ್ಧ ಅಳತೆಯ ಪಿಟೀಲು, ಬಾಡಿಗೆಗೆ.
ಆಮೇಲೆ ದೊಡ್ಡ ಮೇಳದಲ್ಲಿ ಹತ್ತೊಂಬತ್ತು ವರ್ಷ
ಎರಡನೇ ಪಿಟೀಲು, ಕೊನೆಯ ಸಾಲು.
“ಹಿಮ್ಮೇಳ ಅನ್ನಿ,” ಅಂದೆ.
ಆ ಮಾತು ಕಾಳಿಂಗಯ್ಯನ ನೂರಿಪ್ಪತ್ತರಲ್ಲಿ ಇರಲಿಲ್ಲ,
ಕೈ ಬೆನ್ನ ಹಿಂದೆ ಒಯ್ದು ತೋರಿಸಿದ.
ಆಯಮ್ಮ ಹೌದು ಹೌದು ಎಂದು ತಲೆ ಹಾಕಿದರು.

ಆಮೇಲೆ ಸ್ಟುಡಿಯೊ. ಬೇರೆಯವರ ಹಾಡಿಗೆ
ಯಾವ ವಾದ್ಯ ಎಲ್ಲಿ ಬರಬೇಕು,
ಎಲ್ಲಿ ಸುಮ್ಮನಿರಬೇಕು ಅಂತ ಬರೆಯುವ ಕೆಲಸ.
ಇದು ನನಗೆ ಥಟ್ಟನೆ ತಿಳಿಯಿತು.
ನನ್ನ ತಂಗಿ ಮದುವೆ ಹೆಣ್ಣುಗಳಿಗೆ ಮಲ್ಲಿಗೆ ಜಡೆ ಹೆಣೆಯುತ್ತಾಳೆ,
ಫೋಟೊದಲ್ಲಿ ಅವಳ ಮೊಣಕೈ ಮಾತ್ರ ಒಮ್ಮೊಮ್ಮೆ ಬಂದಿರುತ್ತದೆ.

ಸ್ವಂತದ್ದು?
ಬಿಸ್ಕತ್ತಿಗೆ ಒಂದು. ಸೊಳ್ಳೆಬತ್ತಿಗೆ ಒಂದು.
ಜನ ಜಾಸ್ತಿ ಕೇಳಿದ್ದು ರೈಲ್ವೆ ಸ್ಟೇಷನ್ನಿನದು,
ಬಾಗಿಲು ಮುಚ್ಚುವ ಮುಂಚೆ ಏಳು ಸೆಕೆಂಡು ನುಡಿಯುವ ರಾಗ.
ದಿನಕ್ಕೆ ಲಕ್ಷ ಕಿವಿ.
ಆದರೆ ಗಾರ್ಡಿಗೆ ಅವಸರ, ಐದಕ್ಕೇ ನಿಲ್ಲಿಸುತ್ತಾನೆ.
ಕೊನೆಯ ಎರಡು ಸೆಕೆಂಡು ಆ ಊರಲ್ಲಿ ಯಾರೂ ಕೇಳಿಲ್ಲ.

ಕಂಬ ನಿಂತಿತು.
ನನ್ನ ರೂಢಿಯಂತೆ ಸ ಪ ಸ ಪ ಎಂದು ಬಿಗಿದಿದ್ದೆ,
ಆಯಮ್ಮ ಏನೂ ಅನ್ನದೆ ಬಿರಡೆಗಳನ್ನು ಅವರ ಊರಿಗೆ ತಿರುಗಿಸಿಕೊಂಡರು.
ನಿಂತುಕೊಂಡೇ ನುಡಿಸಿದರು. ಏಳೂ ಸೆಕೆಂಡು ಕೇಳಿದೆ
ಅಂತ ಹೇಳಿಕೊಳ್ಳಬಹುದಿತ್ತು.
ಐದನೆಯದಕ್ಕೆ ಸಕಲೇಶಪುರದ ಬಸ್ಸು ಹಾರನ್ ಒತ್ತಿತು,
ಕಮಾನು ತಾನಾಗಿ ಮೇಲೆದ್ದಿತು. ಅಭ್ಯಾಸ.

ಇನ್ನೂರು ರೂಪಾಯಿ ಬಿಲ್ಲು ಬರೆದು ಕೊಟ್ಟೆ.
ದುಡ್ಡು ಕೊಟ್ಟರು, ಬಿಲ್ಲು ತಿರುಗಿಸಿ ಸ್ಟೂಲಿನ ಮೇಲೆ ಕೂತರು.
ಹಮಾಲಿ ಗಾಡಿ, ವೀಳ್ಯದೆಲೆ ಎಣಿಸುವ ಮುದುಕಿ,
“ಕಾಲು ಕೇಜಿ ಮೂವತ್ತು, ಕಾಲು ಕೇಜಿ ಮೂವತ್ತು,”
ಕಿವಿ ಅತ್ತ, ಪೆನ್ಸಿಲು ಇತ್ತ.
ಬರೆದಾದ ಮೇಲೆ ಎರಡೂ ಕೈಯಲ್ಲಿ ಹಿಡಿದು ನನಗೇ ಕೊಟ್ಟರು.

ಒಂಬತ್ತು ವರ್ಷದಿಂದ ಅದು ಕೌಂಟರಿನ ಗಾಜಿನಡಿ ಇದೆ.
ಐದು ಗೆರೆ, ಮೇಲೆ ಇರುವೆ ಸಾಲು. ನನಗೆ ಅಷ್ಟೇ ಓದಲು ಬರುವುದು.

ಹೋದ ತಿಂಗಳು ಕೀಬೋರ್ಡ್ ಅಡಾಪ್ಟರ್ ತಂದ
ಚರ್ಚಿನ ಹುಡುಗಿ ಪ್ರೆಸಿಲ್ಲಾ ಬಗ್ಗಿ ನೋಡಿದಳು,
ಬೆರಳಲ್ಲಿ ಗಾಜಿನ ಮೇಲೇ ನುಡಿಸಿದಳು.
“ಅಂಕಲ್, ಇದು ಎರಡನೇ ವಯಲಿನ್ನಿನ ಪಾಲು ಮಾತ್ರ. ಮೇಲೆ ಬರೆದಿದೆ.
ಮುಖ್ಯ ರಾಗ ಇದರಲ್ಲಿಲ್ಲ. ಇನ್ನೊಂದು ಹಾಳೆ ಇರಬೇಕು, ಹುಡುಕಿ.”

ಹುಡುಕುತ್ತೇನೆ ಅಂದೆ.
ಸಂಜೆ ಷಟರ್ ಎಳೆಯುತ್ತಿದ್ದವನು ಅರ್ಧಕ್ಕೇ ಬಿಟ್ಟೆ.
ಹೊರಗೆ ಮಂಡಿಯವನು
ಕೊನೆಯ ಮೂಟೆಯ ದರ ಕೂಗುತ್ತಿದ್ದ.